ದಾಳ ಬಿದ್ದ ಮೇಲೆ ಜಿಎಂ ಮಾತು ಬದಲಿಸಬಹುದಾ?

ಘಣಸೋಲಿಯ ನಮ್ಮ ಶನಿವಾರದ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ ನಾನೇ ಗೇಮ್ ಮಾಸ್ಟರ್. ತಾಳಮದ್ದಳೆಯ ಭಾಗವತರಿದ್ದ ಹಾಗೆ ಅನ್ನಿ: ಪ್ರಸಂಗ ಗೊತ್ತಿರುತ್ತೆ, ಅರ್ಥಧಾರಿ ಏನು ಹೇಳ್ತಾನೋ ಗೊತ್ತಿರಲ್ಲ.

ಮೊನ್ನೆ ಗೆಳೆಯನೊಬ್ಬ, ಸತ್ತ ರಾಜನ ದನಿಯಲ್ಲಿ ಕಾವಲುಗಾರನನ್ನ ಹೆದರಿಸ್ತೀನಿ ಅಂದ. 2014ರ ನಿಯಮಪುಸ್ತಕ ಕೊಡೋದು ಅಂದಾಜು ಅಷ್ಟೇ: ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20. ಯಾವುದು ಅನ್ನೋದು ಜಿಎಂ ವಿವೇಚನೆ. ನಾನು 15 ಅಂದೆ. ಇಪ್ಪತ್ತು ಮುಖದ ದಾಳ ಉರುಳಿಸಿದ. ಎಲ್ಲ ಕೂಡಿಸಿ 14. ಪಾಪ ಅನಿಸಿ, ‘ಇರ್ಲಿ, ಗೆದ್ದೆ’ ಅಂದೆ. ಅವನಿಗೇ ಸಿಟ್ಟು ಬಂತು: ‘ಹಾಗಾದ್ರೆ ದಾಳ ಯಾಕೆ ಹಾಕಿಸ್ದೆ ಮಾರಾಯ?’

ಈಗ ನನ್ನ ಸ್ವಾತಂತ್ರ್ಯವೆಲ್ಲ ದಾಳ ಬೀಳೋ ಮುಂಚೆ. ಸೋತರೆ ಏನಾಗುತ್ತೆ ಅಂತಲೂ ಮೊದಲೇ ಹೇಳ್ತೀನಿ. ಕಾವಲುಗಾರ ಕೊಲ್ಲಲೇಬೇಕು ಅಂತೇನಿಲ್ಲ. ಕತ್ತಿ ಕಿತ್ಕೊಂಡು ಒಳಗೆ ಬಿಡಬಹುದು.