ವೇಗದ ಕಣದ ಕಟ್ಟುಪಾಡುಗಳು

ಚೈತ್ರಮಾಸದಲ್ಲಿ ಹಂಪೆಯ ವಿರೂಪಾಕ್ಷಸ್ವಾಮಿಯ ತೇರು ಎಳೆಯುವುದನ್ನು ಕಂಪ್ಲಿ, ಹೊಸಪೇಟೆ, ಸಂಡೂರುಗಳ ಕಡೆಯ ವಾಚಕರಲ್ಲಿ ಅನೇಕರು ಕಂಡಿರಬಹುದು. ನೆರೆದವರ ದೃಷ್ಟಿಯೆಲ್ಲ ಮೇಲಿನ ಕಳಸದ ಕಡೆಗೆ. ನಾವು ವಾಚಕರ ಗಮನವನ್ನು ಸೆಳೆಯಬಯಸುವುದು ಕೆಳಗಿನ ಗಾಲಿಗಳ ಕಡೆಗೆ. ಅಲ್ಲಿ ಕೆಲವರು ಮರದ ಸನ್ನೆಗಳನ್ನು ಹಿಡಿದು ತೇರಿನೊಡನೆ ಹೆಜ್ಜೆಹಾಕುತ್ತಿರುತ್ತಾರೆ. ತೇರು ಒಂದು ಬದಿಗೆ ಸರಿದರೆ ಗಾಲಿಗೆ ಸನ್ನೆ ಕೊಟ್ಟು ದಾರಿಗೆ ತರುವುದು, ನಿಲ್ಲಬೇಕಾದಾಗ ನಿಲ್ಲಿಸುವುದು ಅವರ ಕೆಲಸ. ಅಷ್ಟು ಭಾರದ ವಾಹನಕ್ಕೆ ಬ್ರೇಕಿಲ್ಲ, ಚುಕ್ಕಾಣಿಯಿಲ್ಲ. ಇರುವುದು ಇವರ ಕಣ್ಣು, ಕೈ ಮತ್ತು ತಲೆಮಾರುಗಳಿಂದ ಬಂದ ಕಟ್ಟುಪಾಡು. ಮನುಷ್ಯನ ನಡಿಗೆಯ ವೇಗದಲ್ಲಿ ಸಾಗುವ ತೇರಿಗೇ ಇಷ್ಟು ಎಚ್ಚರಿಕೆ ಬೇಕಾದರೆ, ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಓಡುವ ಮೋಟಾರಿಗೆ ಎಷ್ಟು ಬೇಡ?

ತರುಣರಿಗೆ ವೇಗದ ಆಸೆ ಸಹಜ. ಆದರೆ ಕಂಪ್ಲಿಯ ಸುತ್ತಿನ ರಸ್ತೆಗಳು ಅದಕ್ಕೆ ಹೇಳಿಮಾಡಿಸಿದವಲ್ಲ. ಸುಗ್ಗಿಯಲ್ಲಿ ಅವೇ ಭತ್ತ ಒಣಗಿಸುವ ಕಣ. ಸಂಜೆಯಾದರೆ ಹಿಂದೀಪವಿಲ್ಲದೆ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರುಗಳ ದಾರಿ. ಇದಕ್ಕಾಗಿಯೇ ಓಟದ ಪಥಗಳೆಂಬವು ಹುಟ್ಟಿಕೊಂಡವು. ಎರಡನೆಯ ಮಹಾಯುದ್ಧ ಕಾಲದ ಚೋಳಾವರಂ ವಿಮಾನ ನಿಲ್ದಾಣದಲ್ಲಿ ಮೋಟಾರು ಓಟಗಳನ್ನು ನಡೆಸುತ್ತಿದ್ದ ಮದ್ರಾಸಿನ ಹವ್ಯಾಸಿಗಳು 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಸ್ವಂತ ಪಥವನ್ನೇ ಕಟ್ಟಿಕೊಂಡರು. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಇಂಥ ಪಥಗಳಲ್ಲಿ ಕೆಲವು ದಿನ ಸ್ಪರ್ಧೆಯಿಲ್ಲದೆ, ಬಹುಮಾನವಿಲ್ಲದೆ, ಸಾಮಾನ್ಯರು ತಮ್ಮ ಕಾರುಗಳನ್ನೇ ತಂದು ಓಡಿಸಲು ಅವಕಾಶವುಂಟು. ಇದಕ್ಕೆ ‘ಟ್ರ್ಯಾಕ್ ಡೇ’ ಎನ್ನುತ್ತಾರೆ. ಕರ್ನಾಟಕದ ಉತ್ಸಾಹಿಗಳೂ ನೂರಾರು ಕಿಲೋಮೀಟರ್ ಕ್ರಮಿಸಿ ಅಲ್ಲಿಗೆ ಹೋಗುತ್ತಾರೆ.

ಅಲ್ಲಿ ಮೊದಲು ಎದುರಾಗುವುದು ಪಥವಲ್ಲ, ತಪಾಸಣೆ. ತಪಾಸಕನು ಚಕ್ರದ ನಟ್ಟುಗಳನ್ನು ಅಲುಗಿಸಿ ನೋಡುತ್ತಾನೆ. ಬ್ಯಾಟರಿ ಭದ್ರವಾಗಿ ಬಿಗಿದಿದೆಯೇ, ಎಣ್ಣೆ ಸೋರುತ್ತಿದೆಯೇ, ಟೈರು ಸವೆದಿದೆಯೇ ಎಂದು ಪರೀಕ್ಷಿಸುತ್ತಾನೆ. ಕಾಲಡಿಯ ಹಾಸನ್ನೂ ನೀರಿನ ಬಾಟಲಿಯನ್ನೂ ಹೊರಗಿಡಿಸುತ್ತಾನೆ. ಹೊಸಬರಿಗೆ ಇದೆಲ್ಲ ಕಾಟವೆನಿಸೀತು. ಆದರೆ ಉರುಳಿಬಂದ ಬಾಟಲಿ ಬ್ರೇಕಿನ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಚಾಲಕನು ಎಷ್ಟು ಒತ್ತಿದರೇನು, ಕಾರು ನಿಲ್ಲದು!

ಬ್ರೇಕಿನ ವಿಚಾರವನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ. ಚಲಿಸುವ ವಸ್ತುವಿನ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. 1,000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 1,39,000 ಜೌಲ್. ವೇಗ 120 ಆದರೆ ಶಕ್ತಿ ಇಮ್ಮಡಿಯಾಗುವುದಿಲ್ಲ. ನಾಲ್ಮಡಿಯಾಗಿ ಸುಮಾರು 5,56,000 ಜೌಲಿಗೆ ಏರುತ್ತದೆ. ಬ್ರೇಕು ಒತ್ತಿದಾಗ ಇದರ ಬಹುಭಾಗ ಘರ್ಷಣೆಯಿಂದ ಉಷ್ಣವಾಗಿ ಮಾರ್ಪಡಬೇಕು. 30 ಡಿಗ್ರಿಯ ಸುಮಾರು ಎರಡು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಉಷ್ಣ ಅದು. ಮನೆಯ ಒಲೆಯ ಮೇಲೆ ಎಷ್ಟೋ ನಿಮಿಷ ಹಿಡಿಯುವ ಕೆಲಸ ಇಲ್ಲಿ ಐದೇ ಸೆಕೆಂಡುಗಳಲ್ಲಿ ನಡೆಯುತ್ತದೆ. ಮುಂದಿನ ತಿರುವಿನಲ್ಲಿ ಮತ್ತೆ, ಅದರ ಮುಂದಿನದರಲ್ಲಿ ಮತ್ತೆ. ಸಂಡೂರಿನ ಬೆಟ್ಟಗಳಿಂದ ಅದಿರು ಹೇರಿಕೊಂಡು ಇಳಿಯುವ ಲಾರಿ ಚಾಲಕರನ್ನು ಕೇಳಿರಿ: ಕಾದ ಬ್ರೇಕಿನ ವಾಸನೆ ಎಂಥದೆಂದು ಅವರು ಬಲ್ಲರು.

ಈ ಉಷ್ಣ ಬ್ರೇಕಿನ ದ್ರವಕ್ಕೂ ಹರಿಯುತ್ತದೆ. ಆ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ‘ಡಾಟ್ 4’ ದರ್ಜೆಯ ಹೊಸ ದ್ರವವು 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ದ್ರವಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಅದುಮಲು ಬಾರದು, ಆವಿಯನ್ನು ಅದುಮಬಹುದು. ಆದುದರಿಂದ ಪೆಡಲು ಮೆತ್ತಗೆ ನೆಲ ಮುಟ್ಟುತ್ತದೆ, ಕಾರು ಓಡುತ್ತಲೇ ಇರುತ್ತದೆ. ಊರಿನ ಓಡಾಟದಲ್ಲಿ ವರ್ಷಗಟ್ಟಲೆ ಯಾವ ತೊಂದರೆಯನ್ನೂ ಕೊಡದ ಹಳೆಯ ದ್ರವ ಪಥದ ನಾಲ್ಕನೆಯ ಸುತ್ತಿನಲ್ಲಿಯೇ ಕೈಕೊಡಬಹುದು. ಟ್ರ್ಯಾಕ್ ಡೇಗೆ ಮೊದಲು ದ್ರವವನ್ನು ಬದಲಾಯಿಸಿರೆಂಬ ಸೂಚನೆ ಮೆಕ್ಯಾನಿಕ್ಕಿನ ಲಾಭಕ್ಕಾಗಿ ಹುಟ್ಟಿದ್ದಲ್ಲ.

ಇನ್ನು ಚಾಲಕನ ಉಡುಪು. ಪೂರ್ಣ ತೋಳಿನ ಹತ್ತಿಯ ಬಟ್ಟೆ, ಮುಚ್ಚಿದ ಬೂಟು. ನೈಲಾನ್ ಬೇಡ, ಬೆಂಕಿ ತಗಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಶಿರಸ್ತ್ರಾಣದ ಕಥೆ ಇದಕ್ಕಿಂತ ದೊಡ್ಡದು. 1956ರಲ್ಲಿ ಅಮೆರಿಕದ ಪೀಟ್ ಸ್ನೆಲ್ ಎಂಬ ಹವ್ಯಾಸಿ ಓಟಗಾರನು ಶಿರಸ್ತ್ರಾಣ ಧರಿಸಿದ್ದರೂ ತಲೆಗೆ ಪೆಟ್ಟಾಗಿ ಮಡಿದನು. ಯಾವ ಶಿರಸ್ತ್ರಾಣ ನಿಜಕ್ಕೂ ಕಾಪಾಡುತ್ತದೆಂದು ಪರೀಕ್ಷಿಸಲು 1957ರಲ್ಲಿ ಅವನ ಹೆಸರಿನ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ಅದರ ಗುರುತಿನ ಚೀಟಿಯನ್ನು ಇಂದಿಗೂ ಜಗತ್ತಿನ ಪಥಗಳಲ್ಲಿ ಹುಡುಕಿ ನೋಡುತ್ತಾರೆ. ಕಾಪಾಡುವುದು ಹೊರಗಿನ ಗಟ್ಟಿ ಕವಚವೊಂದೇ ಅಲ್ಲ, ಒಳಗಿನ ಹಗುರವಾದ ನೊರೆಯ ಪದರ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ, ತಲೆ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ಆ ದೂರ ಹತ್ತು ಪಟ್ಟಾದರೆ ತಲೆಯ ಮೇಲಿನ ಸರಾಸರಿ ಬಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಒಮ್ಮೆ ಜಜ್ಜಿದ ನೊರೆ ಮತ್ತೆ ಉಬ್ಬದು; ಹೊರಗೆ ಗೀರು ಕಾಣದಿದ್ದರೂ ಪೆಟ್ಟು ತಿಂದ ಶಿರಸ್ತ್ರಾಣವನ್ನು ಎಸೆಯಲೇಬೇಕು.

ಪಥದ ಮೇಲಿನ ಭಾಷೆ ಬಾವುಟಗಳದು. ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕಕೂಡದು. ನೀಲಿ ಎಂದರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ. ಕೆಂಪು ಕಂಡರೆ ಎಲ್ಲರೂ ವೇಗ ತಗ್ಗಿಸಿ ಮರಳಬೇಕು. ತುಂಗಭದ್ರಾ ಜಲಾಶಯದಿಂದ ಬಹಳ ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿಯ ಸೇತುವೆ ಮುಳುಗಿ ಸಂಚಾರ ನಿಂತದ್ದನ್ನು ಆ ಕಡೆಯವರು ಬಲ್ಲರು: ಆಚೆಯ ದಡ ಕಣ್ಣೆದುರೇ ಇದ್ದರೂ ದಾಟಕೂಡದು. ಕೆಂಪು ಬಾವುಟವೂ ಅಂಥದೇ. ಕಾರಣ ಕೇಳುತ್ತ ನಿಲ್ಲಲು ಅಲ್ಲಿ ವೇಳೆಯಿಲ್ಲ. ಹಿಂದೆ ಹಾಕುವುದಕ್ಕೂ ಸ್ಪರ್ಧೆಯಲ್ಲಿಲ್ಲದ ಒಂದು ನಿಯಮ ಇಲ್ಲಿದೆ: ನೇರ ಪಥದಲ್ಲಿ ಮಾತ್ರ, ಅದೂ ಮುಂದಿನವನು ಕೈತೋರಿ ದಾರಿ ಬಿಟ್ಟ ಮೇಲೆ. ಬೆಳಗಿನ ತಿಳಿವಳಿಕೆಯ ಸಭೆಗೆ ಬಾರದವನಿಗೆ ಪಥಕ್ಕೆ ಪ್ರವೇಶವಿಲ್ಲ. ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಕಟ್ಟುಪಾಡು ಇದೇ. ಯಂತ್ರವನ್ನು ಪರೀಕ್ಷಿಸಬಹುದು, ಚಾಲಕನ ಅಹಂಕಾರವನ್ನು ಪರೀಕ್ಷಿಸಲು ಬೇರೆ ಉಪಾಯವೆಲ್ಲಿ?

ಕಟ್ಟುಪಾಡುಗಳಿದ್ದ ಮಾತ್ರಕ್ಕೆ ಅಪಾಯ ತೊಲಗಿತೆಂದು ಯಾರೂ ಭಾವಿಸಬಾರದು. 2023ರ ಜನವರಿಯಲ್ಲಿ ಮದ್ರಾಸಿನ ಇದೇ ಪಥದಲ್ಲಿ, ರಾಷ್ಟ್ರೀಯ ಕಾರ್ ಓಟದ ವೇಳೆ, 59 ವರ್ಷದ ಅನುಭವಿ ಚಾಲಕರೊಬ್ಬರು ಅಸುನೀಗಿದರು. ಅದೇ ವರ್ಷದ ಆಗಸ್ಟ್ 5ರಂದು, ರಾಷ್ಟ್ರೀಯ ಮೋಟಾರ್ ಸೈಕಲ್ ಓಟದಲ್ಲಿ, ಬೆಂಗಳೂರಿನ 13 ವರ್ಷದ ಬಾಲಕನೊಬ್ಬನು ಬಿದ್ದು, ತಲೆಗೆ ತೀವ್ರ ಪೆಟ್ಟಾಗಿ ತೀರಿಕೊಂಡನು. ವೈದ್ಯರು, ಆಂಬುಲೆನ್ಸು, ಬಾವುಟದವರು ಎಲ್ಲರೂ ಇರುವ ಕಣಗಳವು. ಒಬ್ಬರಿಗೆ ಎಲ್ಲಿಲ್ಲದ ಅನುಭವ, ಇನ್ನೊಬ್ಬನಿಗೆ ಎಳೆಯ ವಯಸ್ಸಿನಲ್ಲೇ ಅಪಾರ ಕೌಶಲ. ಇವುಗಳಲ್ಲಿ ಒಂದೂ ಇಲ್ಲದ ಹೆದ್ದಾರಿಯಲ್ಲಿ, ರಾತ್ರಿ ಹೊತ್ತು, ಗೆಳೆಯರೊಡನೆ ಪಣ ಕಟ್ಟಿ ಓಡಿಸುವವರನ್ನು ಕುರಿತು ನಾವು ಏನು ಹೇಳೋಣ?

ಓಟ ಮುಗಿಯುವ ರೀತಿಗೂ ಒಂದು ಕ್ರಮವುಂಟು. ಕೊನೆಯ ಸುತ್ತನ್ನು ನಿಧಾನವಾಗಿ, ಆದಷ್ಟು ಬ್ರೇಕು ಮುಟ್ಟದೆ ಓಡಿಸಬೇಕು. ಗಾಳಿಯೇ ಬ್ರೇಕುಗಳನ್ನು ತಣಿಸುತ್ತದೆ. ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕು ಎಳೆಯಬಾರದು, ಕಾದ ಲೋಹವನ್ನು ಒಂದೇ ಕಡೆ ಅದುಮಿಟ್ಟರೆ ಅದು ಕೆಡುವ ಸಂಭವವಿದೆ. ಹಾಗಾದರೆ ಕಾರು ಜಾರದಂತೆ ನಿಲ್ಲಿಸುವುದು ಹೇಗೆ? ಗೇರಿನಲ್ಲಿ ಬಿಟ್ಟು, ಗಾಲಿಯ ಕೆಳಗೆ ಒಂದು ಮರದ ತುಂಡನ್ನು ಒತ್ತು ಕೊಡುತ್ತಾರೆ. ಹಂಪೆಯ ತೇರಿನವರು ಕಂಡರೆ ಕೂಡಲೇ ಗುರುತು ಹಿಡಿದಾರು.