ಕಣಜದ ಹುಳುವಿನ ಜೀವನಕ್ರಮ

ಸೂರಿನಲ್ಲಾಗಲಿ ಬೇಲಿಯಲ್ಲಾಗಲಿ ಕಣಜದ ಗೂಡು ಕಂಡೊಡನೆ ಅದಕ್ಕೆ ಕೊಳ್ಳಿ ಹಿಡಿಯುವುದು ಗ್ರಾಮಾಂತರಗಳಲ್ಲಿ ವಾಡಿಕೆಯಾಗಿದೆ. ಈ ಹುಳು ಕುಟುಕುವುದೆಂಬುದು ನಿಜವೇ. ಆದರೆ ಅದರಿಂದ ಬೆಳೆಗೆ ಆಗುವ ಉಪಕಾರವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ನಮ್ಮ ಸೀಮೆಯಲ್ಲಿ ಸಾಧಾರಣವಾಗಿ ಕಾಣುವ ಕೆಂಗಂದು ಬಣ್ಣದ ಕಣಜಕ್ಕೆ ಶಾಸ್ತ್ರಜ್ಞರು ರೊಪಾಲಿಡಿಯ ಮಾರ್ಜಿನೇಟ ಎಂದು ಹೆಸರಿಟ್ಟಿರುವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ಇದನ್ನು ದೀರ್ಘಕಾಲ ಪರಿಶೀಲಿಸಿ, 2001ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿರುವರು.

ಹೆಣ್ಣು ಕಣಜವು ಗಿಡಮರಗಳ ನಾರನ್ನು ಅಗಿದು, ಎಂಜಲಿನೊಡನೆ ಕಲಸಿ, ಕಾಗದದಂತಹ ಪದಾರ್ಥವನ್ನು ಮಾಡಿ, ಸಣ್ಣ ತೊಟ್ಟಿನಿಂದ ತೂಗುವಂತೆ ಆರು ಮೂಲೆಯ ಕೋಣೆಗಳನ್ನು ಕಟ್ಟುವುದು. ಕೋಣೆಯಲ್ಲಿಟ್ಟ ಮೊಟ್ಟೆಯು ಮರಿಹುಳುವಾಗಿ, ಕೋಶವಾಗಿ, ಕೊನೆಗೆ ರೆಕ್ಕೆಯ ಹುಳುವಾಗಿ ಹೊರಬರಲು ಸುಮಾರು 2 ತಿಂಗಳು ಹಿಡಿಯುವುದು. ಶೀತದೇಶಗಳ ಹಳದಿ ಪಟ್ಟೆಯ ಕಣಜಗಳಲ್ಲಿ ಚಳಿಗಾಲಕ್ಕೆ ಗೂಡು ಬರಿದಾಗಿ, ಎಳೆಯ ರಾಣಿಗಳು ಮಾತ್ರ ಉಳಿಯುವುವು. ನಮ್ಮಲ್ಲಿಯಾದರೋ ವರ್ಷದ ಯಾವ ಕಾಲದಲ್ಲಿಯೂ ಹೊಸ ಗೂಡು ಹುಟ್ಟಬಹುದು. ನಮ್ಮ ಕಣಜದ ರಾಣಿಯು ಸಾಧುಸ್ವಭಾವದ್ದು. ಅದು ಸತ್ತರೆ ಕೆಲಸದ ಹುಳುಗಳಲ್ಲೊಂದು ಆ ಸ್ಥಾನಕ್ಕೆ ಬಂದು, ಕೆಲವು ದಿನಗಳಲ್ಲಿಯೇ ಮೊಟ್ಟೆಯಿಡತೊಡಗುವುದು.

ಬೆಳೆದ ಹುಳುವಿಗೆ ಹೂವಿನ ಮಧು ಮೊದಲಾದ ಸಿಹಿರಸಗಳು ಸಾಕು. ಮರಿಗಳಿಗೆ ಮಾಂಸ ಬೇಕು. ಇದಕ್ಕಾಗಿ ಕೆಲಸದ ಹುಳುಗಳು ಗಿಡದಿಂದ ಗಿಡಕ್ಕೆ ಹಾರಿ, ಎಲೆ ತಿನ್ನುವ ಹುಳು ಮೊದಲಾದ ಕೀಟಗಳನ್ನು ಹಿಡಿದು, ಅಗಿದು, ಉಂಡೆಮಾಡಿ ಗೂಡಿಗೆ ತರುವುವು. ಜೇನು ಸಾಕುವವರು ಅಂಜುವ ದೊಡ್ಡ ಕಡಜವು ಬೇರೆ ಜಾತಿಯದು. ಅದು ಈ ಕಣಜಗಳ ಗೂಡಿಗೂ ನುಗ್ಗಿ ಮರಿಗಳನ್ನು ಕೊಳ್ಳೆಹೊಡೆಯುವುದು.

ನಾನು ನೌಕರಿಗೆ ಸೇರಿದ ಹೊಸದರಲ್ಲಿ ಒಬ್ಬ ರೈತನಿಗೆ ಹಿತ್ತಿಲಿನ ಗೂಡನ್ನು ಸುಡುವಂತೆ ಹೇಳಿದೆನು. ಪಂಜಿನ ಕಿಡಿ ಬಣವೆಗೆ ತಗುಲಿ, ವರ್ಷದ ಮೇವೆಲ್ಲ ಬೂದಿಯಾಯಿತು. ತಪ್ಪಿಸಿಕೊಂಡ ಕಣಜಗಳು ಅದೇ ಬೇಲಿಯಲ್ಲಿ ಮತ್ತೆ ಗೂಡು ಕಟ್ಟಿದವು. ಆ ರೈತನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅಂದಿನಿಂದ ಆ ಸಲಹೆಯನ್ನು ನಾನು ಯಾರಿಗೂ ಕೊಟ್ಟಿಲ್ಲ.

ಆದುದರಿಂದ ಜನಸಂಚಾರವಿಲ್ಲದ ಎಡೆಯ ಗೂಡನ್ನು ಹಾಗೆಯೇ ಬಿಡತಕ್ಕದ್ದು. ಬಾಗಿಲು, ಬಾವಿ, ಪಾಠಶಾಲೆಗಳ ಬಳಿಯಲ್ಲಿದ್ದರೆ, ಹುಳುಗಳೆಲ್ಲ ಗೂಡು ಸೇರಿದ ರಾತ್ರಿವೇಳೆಯಲ್ಲಿ, ಮೈ ಮುಚ್ಚಿಕೊಂಡ ಅನುಭವಸ್ಥರಿಂದ ಬೆಂಕಿಯಿಲ್ಲದೆ ತೆಗೆಸತಕ್ಕದ್ದು. ಕುಟುಕಿದ ಜಾಗವನ್ನು ತೊಳೆದು ತಣ್ಣೀರಿನ ಬಟ್ಟೆಯಿಡಬೇಕು. ಉಸಿರು ಕಟ್ಟಿದರೆ, ಮುಖ ಊದಿದರೆ, ಅಥವಾ ತಲೆ ಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ಈ ಸಂಗತಿಗಳನ್ನು ಮುಖಂಡರು ತಮ್ಮ ಗ್ರಾಮಸ್ಥರಿಗೆಲ್ಲ ತಿಳಿಯಹೇಳಬೇಕೆಂದು ಪ್ರಾರ್ಥನೆ.