ಹೊಸ ಗಿಳಿ ಮನೆಗೆ ಬಂತು, ಹಳೆಯ ಹಕ್ಕಿಗಳ ಗತಿಯೇನು?

ಮೂರು ವರ್ಷದ ಹಿಂದೆ ಮಾಡಿದ ಒಂದು ತಪ್ಪನ್ನು ಹೇಳಿಕೊಂಡೇ ಇದನ್ನು ಶುರು ಮಾಡಬೇಕು. ಆಗ ಮನೆಯಲ್ಲಿ ಮೂರು ಬಡ್ಜಿಗಳಿದ್ದವು. ನಮ್ಮ ಕಡೆ 'ಲವ್‌ಬರ್ಡ್ಸ್' ಅಂತ ತಪ್ಪಾಗಿ ಕರೆಯುವ, ನಮ್ಮಮ್ಮನ ಬಾಯಲ್ಲಿ ನೇರವಾಗಿ 'ಬಜ್ಜಿ' ಆಗಿರುವ ಪುಟ್ಟ ಆಸ್ಟ್ರೇಲಿಯಾ ಗಿಳಿಗಳು. ಒಂದು ಭಾನುವಾರ ಅಂಗಡಿಯಲ್ಲಿ ನೀಲಿ ಬಣ್ಣದ್ದೊಂದು ಕಂಡಿತು. ಕೊಂಡು ತಂದು ಅದೇ ಸಂಜೆ ಹಳೆಯ ಪಂಜರದೊಳಗೆ ಬಿಟ್ಟೆ. ಹೊಂದಿಕೊಂಡವು, ಜಗಳವೇ ಇಲ್ಲ ಅಂತ ಖುಷಿಪಟ್ಟೆ. ಎರಡೂವರೆ ವಾರಕ್ಕೆ ನೀಲಿ ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು. ಅದು ಸತ್ತ ವಾರದೊಳಗೆ ಹಳೆಯವುಗಳಲ್ಲಿ ಎರಡು ಹೋದವು. ಯಾವ ರೋಗ ಅಂತ ಪರೀಕ್ಷೆ ಮಾಡಿಸುವಷ್ಟು ಬುದ್ಧಿಯೂ ಆಗ ನನಗಿರಲಿಲ್ಲ.

ನಾನು ಎಂಜಿನಿಯರಿಂಗ್ ಓದಿ, ಕೆಲವು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಪತ್ರಿಕೋದ್ಯಮಕ್ಕೆ ಬಂದವಳು. ಟೆಸ್ಟ್ ಮಾಡದ ಕೋಡನ್ನು ನೇರ ಲೈವ್ ಸರ್ವರ್‌ಗೆ ಹಾಕಬಾರದು ಅನ್ನೋದು ಚೆನ್ನಾಗಿ ಗೊತ್ತಿತ್ತು. ಹಕ್ಕಿಗಳ ವಿಷಯದಲ್ಲಿ ಮಾಡಿದ್ದು ಅದನ್ನೇ.

ಈ ವರ್ಷ ವಿದೇಶಕ್ಕೆ ಹೊರಟ ಗೆಳತಿಯೊಬ್ಬಳು ತನ್ನ ಸನ್ ಕನ್ಯೂರ್ ಗಿಳಿಯನ್ನು ಸಾಕಿಕೊಳ್ತೀಯಾ ಅಂತ ಕೇಳಿದಾಗ ಮೊದಲು ನೆನಪಾದದ್ದು ಆ ಪಂಜರದ ತಳ. ಮನೆಯಲ್ಲಿ ಈಗ ಉಳಿದಿರುವುದು ಆ ಒಂದು ಬಡ್ಜಿ, ಮತ್ತು ಪುಟ್ಟ ಅನ್ನುವ ಕಾಕಟೀಲ್. ಒಪ್ಪಿಕೊಂಡೆ, ಆದರೆ ಈ ಸಲ ಓದಿ, ಪಕ್ಷಿವೈದ್ಯರನ್ನು ಕೇಳಿ, ಆಮೇಲೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಗಿಳಿ ಅಂದಾಗ ನಮ್ಮ ಕಣ್ಣಿಗೆ ಬರುವ ಹಸಿರು ಮೈ, ಕೆಂಪು ಕೊಕ್ಕಿನ ನಮ್ಮೂರ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಜ್ಜಿ ಮನೆಯಲ್ಲಿತ್ತು, ಶಾಸ್ತ್ರ ಹೇಳುವವರ ಹತ್ತಿರ ಇದೆ ಅನ್ನೋದೆಲ್ಲ ವಾದವಲ್ಲ. ವಿದೇಶಿ ಗಿಳಿಗಳದ್ದು ಬೇರೆ ಕತೆ. ಬಡ್ಜಿ, ಕಾಕಟೀಲ್‌ಗಳು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿಲ್ಲ. ಸನ್ ಕನ್ಯೂರ್ ಇದೆ, ಆಫ್ರಿಕನ್ ಗ್ರೇ ಇನ್ನೂ ಬಿಗಿಯಾದ ಪಟ್ಟಿಯಲ್ಲಿದೆ. ಇಂಥವನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೈ ಬದಲಾದರೆ, ಮರಿಯಾದರೆ, ಸತ್ತರೆ ಅದನ್ನೂ ತಿಳಿಸಬೇಕು. ಗೆಳತಿಯ ಹತ್ತಿರ ಕಾಗದವಿತ್ತು. ಇಲ್ಲದವರಿಂದ ತರಬೇಡಿ.

ಇನ್ನು ಮುಖ್ಯ ವಿಷಯ. 'ಹೊಂದಿಕೊಳ್ತವಾ, ಜಗಳ ಆಡ್ತವಾ' ಅಂತಲೇ ಎಲ್ಲರೂ ಕೇಳೋದು. ಅದಕ್ಕಿಂತ ಮುಂಚೆ ಕೇಳಬೇಕಾದ್ದು, ಹೊಸ ಹಕ್ಕಿ ತನ್ನ ಜೊತೆ ಏನು ಹೊತ್ತು ತಂದಿದೆ ಅಂತ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಸುಸ್ತಾದದ್ದು ಕಂಡರೆ ಕಾಡಿನಲ್ಲಿ ಹದ್ದು ಅದನ್ನೇ ಆರಿಸಿಕೊಳ್ಳುತ್ತದೆ. ಹೀಗಾಗಿ ನಮಗೆ ಲಕ್ಷಣ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ಸಿಟಕೋಸಿಸ್ ಅನ್ನೋ ಬ್ಯಾಕ್ಟೀರಿಯಾ ರೋಗದ ಹೆಸರೇ ಗಿಳಿಗೆ ಇರುವ ಗ್ರೀಕ್ ಪದದಿಂದ ಬಂದದ್ದು. ಒಣಗಿದ ಹಿಕ್ಕೆ, ಪುಕ್ಕದ ಧೂಳಿನ ಮೂಲಕ ಅದು ಮನುಷ್ಯರ ಶ್ವಾಸಕೋಶಕ್ಕೂ ಇಳಿದು ನ್ಯುಮೋನಿಯಾ ತರುತ್ತದೆ. 1929-30ರಲ್ಲಿ ಹಲವು ದೇಶಗಳಿಗೆ ಇದು ಹಬ್ಬಿ, ಅಮೆರಿಕ ಗಿಳಿಗಳ ಆಮದನ್ನೇ ನಿಲ್ಲಿಸಿತ್ತು. ಈಗ ಔಷಧಿ ಇದೆ. ಆದರೆ ಜ್ವರ, ಒಣಕೆಮ್ಮು ಅಂತ ಹೋದಾಗ 'ಮನೆಯಲ್ಲಿ ಗಿಳಿ ಇದೆ' ಅಂತ ವೈದ್ಯರಿಗೆ ನಾವೇ ಹೇಳಬೇಕು, ಅವರಿಗೆ ಹೊಳೆಯೋದು ಕಷ್ಟ. ಇನ್ನೊಂದು, ಪುಕ್ಕ ಉದುರಿಸಿ ಕೊಕ್ಕನ್ನೂ ಕೆಡಿಸುವ ವೈರಸ್ ಕಾಯಿಲೆ, ಪಿಬಿಎಫ್‌ಡಿ. ಅದನ್ನು ವಾಸಿಮಾಡುವ ಔಷಧಿ ಇಲ್ಲ.

ಪರೀಕ್ಷೆ ಮಾಡಿಸಿದರೆ ಸಾಲದಾ ಅಂತ ನಾನೂ ಕೇಳಿದೆ. ಸಾಲದು. ಸಿಟಕೋಸಿಸ್ ಇರುವ ಹಕ್ಕಿ ಪ್ರತಿದಿನವೂ ಬ್ಯಾಕ್ಟೀರಿಯಾ ಹೊರಹಾಕುವುದಿಲ್ಲ, ಆಗಾಗ ಹಾಕುತ್ತದೆ. ಜಾಗ ಬದಲಾದ ಆತಂಕದಲ್ಲಿ ಹೆಚ್ಚು ಹಾಕುತ್ತದೆ. ಅದಕ್ಕೇ ಪರೀಕ್ಷೆಯೂ ಬೇಕು, ಕಾಯುವುದೂ ಬೇಕು. ಕನಿಷ್ಠ 30 ದಿನ, ಆದರೆ 45 ಅಂದರು ನಮ್ಮ ವೈದ್ಯರು.

ಎರಡು ಬೆಡ್‌ರೂಮಿನ ಮನೆಯಲ್ಲಿ ಬೇರೆ ಕೋಣೆ ಎಲ್ಲಿಂದ ತರೋದು? ನನ್ನ ಕೆಲಸದ ಕೋಣೆ ಬಿಟ್ಟುಕೊಟ್ಟೆ. ಲ್ಯಾಪ್‌ಟಾಪ್ ಊಟದ ಮೇಜಿಗೆ ಬಂತು. ಬಾಗಿಲ ಕೆಳಗಿನ ಸಂದಿಗೆ ಹಳೆ ಟವೆಲ್ ತುರುಕಿದೆ. "ಏನೇ ಇದು, ಬಾಣಂತಿ ಕೋಣೆ ಮಾಡಿಟ್ಟಿದ್ದೀಯ" ಅಂತ ಅಮ್ಮ ಗೊಣಗಿದರೂ ಹಳದಿ ಗಿಳಿಗೆ 'ಅರಿಶಿನ' ಅಂತ ಹೆಸರಿಟ್ಟದ್ದು ಅವರೇ. ಬೆಳಿಗ್ಗೆ ಮೊದಲು ಹಳೆಯ ಹಕ್ಕಿಗಳ ಕೆಲಸ, ಕೊನೆಗೆ ಅರಿಶಿನದ್ದು. ಈ ಕ್ರಮ ತಪ್ಪಬಾರದು. ಆ ಕೋಣೆಯ ಮೊಳೆಗೆ ಒಂದು ಹಳೆ ನೈಟಿ, ಒಳಗೆ ಹೋದಾಗ ಅದನ್ನೇ ಮೇಲೆ ಹಾಕಿಕೊಳ್ಳೋದು, ಬಿಚ್ಚಿಟ್ಟು ಕೈ ತೊಳೆದು ಬರೋದು. ಬಟ್ಟಲು, ಬ್ರಷ್ ಎಲ್ಲ ಬೇರೆ. ಹಿಕ್ಕೆಯನ್ನು ಗುಡಿಸೋದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸೋದು, ಧೂಳು ಏಳಬಾರದಲ್ಲ.

ದಿನಾ ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ. ಕಣ್ಣಿಗೆ ಕಾಣುವ ಮೊದಲೇ ಕಾಯಿಲೆ ತೂಕದಲ್ಲಿ ಕಾಣುತ್ತದೆ. 112 ಗ್ರಾಂ ಇದ್ದದ್ದು ಒಂಬತ್ತನೇ ದಿನ 105ಕ್ಕೆ ಇಳಿದಾಗ ನನಗೆ ಹಳೆಯದೆಲ್ಲ ಕಣ್ಮುಂದೆ ಬಂತು. ಹತ್ತನೇ ಒಂದು ಭಾಗ ಇಳಿದರೆ ತಡಮಾಡದೆ ಆಸ್ಪತ್ರೆಗೆ ಅಂತ ಹೇಳಿದ್ದರು. ಹಿಕ್ಕೆ ಸರಿಯಿತ್ತು, ಅದರ ಬಿಳಿ ಭಾಗ ಹಸಿರು ತಿರುಗಿರಲಿಲ್ಲ. ಗೆಳತಿಗೆ ಫೋನ್ ಮಾಡಿದರೆ, "ಅದಕ್ಕೆ ಸೂರ್ಯಕಾಂತಿ ಬೀಜ ಬೇಕು ಕಣೇ, ನಿನ್ನ ಪೆಲೆಟ್ ಯಾರಿಗೆ ಬೇಕು" ಅಂದಳು. ಎರಡನ್ನೂ ಬೆರೆಸಿ ಕೊಟ್ಟೆ, ನಾಲ್ಕು ದಿನಕ್ಕೆ ತೂಕ ಮೇಲೆ ಬಂತು. ಪರೀಕ್ಷೆಗಳೂ ನೆಗೆಟಿವ್ ಬಂದವು.

ಬಾಗಿಲು ಮುಚ್ಚಿದ್ದರೂ ಕಿವಿ ಮುಚ್ಚಿರಲಿಲ್ಲ. ಅರಿಶಿನ ಕಿರುಚಿದರೆ ಹಾಲ್‌ನಿಂದ ಪುಟ್ಟ ಸಿಳ್ಳೆ ಹಾಕುತ್ತಿತ್ತು. ಪರಿಚಯ ಶುರುವಾದದ್ದು ಹಾಗೆ.

46ನೇ ದಿನ ಅರಿಶಿನದ ಪಂಜರ ಹಾಲ್‌ನ ಇನ್ನೊಂದು ಮೂಲೆಗೆ ಬಂತು. ಎತ್ತರ ಎರಡಕ್ಕೂ ಸಮ. ಮೇಲೆ ಕೂತದ್ದು ದೌಲತ್ತು ಮಾಡುತ್ತದಂತೆ. ದಿನಕ್ಕಿಷ್ಟು ಅಂತ ಲೆಕ್ಕ ಹಾಕಿ ಹತ್ತಿರ ತರುವುದು ನನ್ನ ಎಂಜಿನಿಯರ್ ಬುದ್ಧಿ. ಪುಟ್ಟನ ಜುಟ್ಟು ಅದನ್ನು ಒಪ್ಪಲಿಲ್ಲ. ಕಾಕಟೀಲ್ ಜುಟ್ಟನ್ನು ತಲೆಗಂಟಿಸಿ ಬುಸ್ ಅಂದರೆ ಹೆದರಿದೆ ಅಂತ ಅರ್ಥ. ಹಾಗಂದ ದಿನ ಪಂಜರ ಹಿಂದಕ್ಕೆ ಹೋಗುತ್ತಿತ್ತು. ಪಂಜರ ಪಕ್ಕದಲ್ಲಿದ್ದರೂ ಸರಳುಗಳು ತಾಗಬಾರದು. ಸರಳು ಹಿಡಿದ ಬೆರಳನ್ನು ಆಚೆಯಿಂದ ಕಚ್ಚಿ ತುಂಡು ಮಾಡಿಬಿಡಬಲ್ಲವು. ಈ ಕಾರಣಕ್ಕೇ 35 ಗ್ರಾಂನ ಬಡ್ಜಿಯನ್ನು ಅರಿಶಿನದ ಜೊತೆ ಹೊರಗೆ ಬಿಡುವ ಮಾತೇ ಇಲ್ಲ, ಇವತ್ತಿಗೂ ಇಲ್ಲ.

ಹೊರಗೆ ಬಿಡುವಾಗ ಯಾರ ಜಾಗವೂ ಅಲ್ಲದ ಜಾಗ ಬೇಕು. ನಮ್ಮಲ್ಲಿ ಅದು ಊಟದ ಮೇಜು. ಫ್ಯಾನ್ ಆಫ್, ಕಿಟಕಿ ಬಂದ್, ನಾನ್‌ಸ್ಟಿಕ್ ತವಾ ಒಲೆಯ ಮೇಲಿರಬಾರದು (ಅತಿಯಾಗಿ ಕಾದ ಅದರ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ). ಮೊದಲು ಐದು ನಿಮಿಷ, ನನ್ನ ಕಣ್ಣೆದುರೇ.

'ಪಾಪ, ಒಂಟಿ ಅಂತ ಜೊತೆಗೊಂದು ತಂದೆ' ಅನ್ನುವವರಿಗೆ ಒಂದು ಮಾತು. ಹಳೆಯ ಹಕ್ಕಿ ನಿಮ್ಮನ್ನೇ ತನ್ನ ಜೊತೆ ಅಂದುಕೊಂಡಿರಬಹುದು. ಹೊಸದು ಅದಕ್ಕೆ ಉಡುಗೊರೆಯಲ್ಲ, ಸವತಿ. ಕೆಲವು ಎಂದಿಗೂ ಹೊಂದಿಕೊಳ್ಳುವುದಿಲ್ಲ. ಜೀವಮಾನವಿಡೀ ಎರಡು ಪಂಜರ, ಎರಡು ಸರದಿ ನಡೆಸುವ ಜಾಗ, ಸಮಯ ಇದೆಯಾ ಅಂತ ನೋಡಿಕೊಂಡೇ ತರಬೇಕು. ಒಂದೇ ದೊಡ್ಡ ಪಂಜರದಲ್ಲಿ ಹತ್ತಾರು ಮನೆಯಿಂದ ಬಂದ ಹಕ್ಕಿಗಳನ್ನು ತುಂಬಿಟ್ಟು ಮಾರುವ ಅಂಗಡಿಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನನಗೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಇವತ್ತಿಗೆ 83ನೇ ದಿನ. ಬೆಳಿಗ್ಗೆ ಪುಟ್ಟ ಮೇಜಿನ ಮೇಲೆ ಕೊತ್ತಂಬರಿ ಕೆದಕುತ್ತಿದ್ದಾಗ ಅರಿಶಿನ ಎರಡು ಹೆಜ್ಜೆ ಹತ್ತಿರ ಹೋಯಿತು. ಪುಟ್ಟ ಬುಸ್ ಅನ್ನಲಿಲ್ಲ, ಎಲೆ ಕಚ್ಚಿಕೊಂಡು ಅಂಚಿಗೆ ನಡೆದುಬಿಟ್ಟಿತು. ಬಿಟ್ಟುಹೋದ ಕಡ್ಡಿಯನ್ನು ಅರಿಶಿನ ಎತ್ತಿಕೊಂಡಿತು. ಎರಡು ಪಂಜರಗಳ ನಡುವೆ ಈಗ ನಾಲ್ಕು ಅಡಿ ಇದೆ. ಸದ್ಯಕ್ಕೆ ಅದನ್ನು ಕಡಿಮೆ ಮಾಡುವ ಆಲೋಚನೆ ಇಲ್ಲ.